ಆರು ಸಂತೆಗೊಂದು ಗುಳಿಗೆ

ಜೈನಾಪುರದ ಬೀರಣ್ಣನ ಮನೆಯಲ್ಲಿ ಗುಳಿಗೆಯ ದಿನ ಬಂತೆಂದರೆ ಬೇಲಿಯಾಚೆಯವರಿಗೂ ಗೊತ್ತಾಗುತ್ತಿತ್ತು. ಅಂದು ನಾಯಿಯನ್ನು ಬೇವಿನ ಗಿಡಕ್ಕೆ ಕಟ್ಟಿರುತ್ತಿದ್ದರು. ಹಿಂದಿನ ಮಧ್ಯಾಹ್ನದಿಂದ ಅದರ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಬಿದ್ದಿರುತ್ತಿರಲಿಲ್ಲ. ಬಿಸಿಲು ಗಿಡದ ನೆತ್ತಿಗೆ ತಾಗುವ ಹೊತ್ತಿಗೆ ಬೀರಣ್ಣನ ಮಗಳು ಸಾವಂತ್ರವ್ವ ಒಂದು ಕೈಯಲ್ಲಿ ಬೆಲ್ಲದ ಉಂಡೆ, ಇನ್ನೊಂದು ಕೈಯಲ್ಲಿ ಮೋಟು ಸಲಿಕೆ ಹಿಡಿದು ಬರುತ್ತಿದ್ದಳು. ಬೆಲ್ಲದೊಳಗೆ ಗುಳಿಗೆ ಇರುತ್ತಿತ್ತು. ಸಲಿಕೆ ಆಮೇಲಿನ ಕೆಲಸಕ್ಕೆ.

ನಾಯಿಯ ಹೆಸರು ಚವರ್ಯಾ. ಬಾಲ ಚವರಿಯ ಹಾಗೆ ಕೂದಲು ತುಂಬಿಕೊಂಡಿದ್ದರಿಂದ ಮರಿಯಿದ್ದಾಗ ಯಾರೋ ಕರೆದದ್ದು ಹಾಗೇ ಉಳಿದಿತ್ತು. ಎಂಬತ್ತು ಕುರಿಗಳ ಹಿಂಡಿಗೆ ಅದೊಂದೇ ನಾಯಿ. ಮೊದಲ ಸಲ ಬೆಲ್ಲವನ್ನು ಆಸೆಯಿಂದ ನುಂಗಿತ್ತು. ಎರಡನೆಯ ಸಲ ಮೂಸಿ ನೋಡಿ ಮುಖ ತಿರುಗಿಸಿತು. ಮೂರನೆಯ ಸಲದಿಂದ ಸಾವಂತ್ರವ್ವ ಅದರ ಕತ್ತನ್ನು ಮೊಣಕಾಲುಗಳ ನಡುವೆ ಹಿಡಿದು, ದವಡೆ ಅಗಲಿಸಿ, ನಾಲಿಗೆಯ ಬುಡಕ್ಕೆ ಇಟ್ಟು, ಬಾಯಿ ಮುಚ್ಚಿ ಗಂಟಲು ಸವರುವುದನ್ನು ಕಲಿತಳು. ನಾಯಿ ಗುಟುಕ್ಕೆಂದು ನುಂಗಿದ್ದು ಬೆರಳಿಗೆ ತಿಳಿದ ಮೇಲೆಯೇ ಕೈ ಬಿಡುತ್ತಿದ್ದಳು.

ಅಡಿಕೆಯ ಸತ್ವದಿಂದ ಮಾಡಿದ ಗುಳಿಗೆ ಎಂದು ಕೇಳಿದಾಗ ಅವಳ ಆಯಿ, ಬೀರಣ್ಣನ ತಾಯಿ ಬೋರವ್ವ, ಎಲೆಯಡಿಕೆ ಮೆಲ್ಲುತ್ತಿದ್ದ ಬಾಯನ್ನು ಒಂದು ಗಳಿಗೆ ನಿಲ್ಲಿಸಿದ್ದಳು.

“ಅಡಿಕಿ ತಿಂದ್ರ ಹುಳ ಬೀಳ್ತಾವಂದ್ರ ನನ್ನ ಹೊಟ್ಯಾಗ ಏನೂ ಉಳದಿರಬಾರದು ನೋಡು. ನಲವತ್ತ ವರ್ಷದಿಂದ ತಿನ್ನಾಕತ್ತೀನಿ.”

“ನೀ ಆರು ಸಂತಿಗೊಮ್ಮೆ ತಿನ್ನಂಗಿಲ್ಲಲ್ಲ ಆಯಿ,” ಎಂದಿದ್ದಳು ಸಾವಂತ್ರವ್ವ, ಮೆಲ್ಲಗೆ.

ಗುಳಿಗೆ ನುಂಗಿದ ಅರ್ಧ ತಾಸಿಗೆ ನಾಯಿಯ ಬಾಯಿಂದ ಜೊಲ್ಲು ಸುರಿಯತೊಡಗುತ್ತಿತ್ತು. ಹಿಂಗಾಲು ನಡುಗುತ್ತಿದ್ದವು. ಆಮೇಲೆ ಭೇದಿ. ಸಾವಂತ್ರವ್ವ ಜಾಲಿಕಡ್ಡಿ ಹಿಡಿದು ಕುಕ್ಕರಗಾಲಲ್ಲಿ ಕೂತು ಅದನ್ನು ಕೆದಕಿ ನೋಡುತ್ತಿದ್ದಳು. ಹುಡುಕುತ್ತಿದ್ದುದು ಲಾಡಿಹುಳು: ಲಂಗದ ಲಾಡಿಯಷ್ಟು ಅಗಲ, ಬಿಳಿಬಿಳಿ, ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ ಹೊಲಿದಂಥದ್ದು. ನೋಡಿ ಆದ ಮೇಲೆ ಎಲ್ಲವನ್ನೂ ಸಲಿಕೆಯಲ್ಲಿ ಬಳಿದು ಕುಣಿಗೆ ಹಾಕಿ, ಮೇಲೆ ತೊಗರಿಕಟ್ಟಿಗೆ ಹೇರಿ, ಚೂರು ಸೀಮೆಎಣ್ಣೆ ಚಿಮುಕಿಸಿ ಸುಡುತ್ತಿದ್ದಳು. ಸಂಜೆಯ ತನಕ ನಾಯಿಯನ್ನು ಬಿಡುತ್ತಿರಲಿಲ್ಲ.

ಪಕ್ಕದ ಮನೆಯ ಪೀರಾಂಬಿ ಬೇಲಿಯ ಮೇಲಿಂದ ಕತ್ತು ಚಾಚುತ್ತಿದ್ದಳು.

“ಏನ ಸಿಕ್ತ ಬೇ ಸಾವಂತ್ರಿ? ಬಂಗಾರ ಗಿಂಗಾರ ಬಿದ್ದಿದ್ರ ನನಗೂ ಒಂದ ಚೂರ ಇಡು.”

ಸಾವಂತ್ರವ್ವ ತಲೆ ಎತ್ತುತ್ತಿರಲಿಲ್ಲ. ಅವಳಿಗೆ ಆಗ ಹದಿನೆಂಟು. ತಾಯಿ ತೀರಿಕೊಂಡ ವರ್ಷ, ನಾಲ್ಕನೆಯ ಇಯತ್ತೆಯಲ್ಲಿ, ಸಾಲಿ ಬಿಟ್ಟು ಕುರಿಮರಿಗಳ ಹಿಂದೆ ಬಿದ್ದವಳು. ನಾಲ್ಕು ಜನ ಸೇರಿದ ಕಡೆ ಅವಳ ಬಾಯಿಗೆ ಬೀಗ. ಕಣ್ಣಿಗೆ ಮಾತ್ರ ಬೀಗ ಇರಲಿಲ್ಲ. ಯಾವ ಕುರಿ ಯಾವ ಮರಿಯನ್ನು ಒದೆಯುತ್ತದೆ, ಯಾವ ಮರಿ ಹುಲ್ಲಿಗೆ ಬಾಯಿ ಹಾಕದೆ ಬರೀ ನಿಂತಿದೆ ಎಂಬುದನ್ನು ಬೀರಣ್ಣನಿಗಿಂತ ಮೊದಲು ಅವಳೇ ನೋಡಿರುತ್ತಿದ್ದಳು. ಕೇಳಿದರೆ ಹೇಳುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ.

ಈ ಗುಳಿಗೆಯ ಉಸಾಬರಿ ಶುರುವಾದದ್ದು ಎಪ್ಪತ್ತನಾಲ್ಕರ ದೀಪಾವಳಿಯ ಹಿಂದೆಮುಂದೆ. ಆ ವರ್ಷ ಒಂದರ ಹಿಂದೊಂದು ಏಳು ಮರಿಗಳಿಗೆ ಗಿರಕಿ ಬ್ಯಾನಿ ಹತ್ತಿತು. ಮೇಯುತ್ತಿದ್ದ ಮರಿ ತಲೆ ಓರೆ ಮಾಡಿ, ಒಂದೇ ಮಗ್ಗುಲಿಗೆ, ಇದ್ದಲ್ಲೇ ಸುತ್ತತೊಡಗುತ್ತಿತ್ತು. ಹಿಡಿದು ನಿಲ್ಲಿಸಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಸುತ್ತುತ್ತಿತ್ತು. ಹದಿನೈದಿಪ್ಪತ್ತು ದಿನಕ್ಕೆ ಕಣ್ಣು ಕಾಣದೆ, ಬೇಲಿಗೆ ಹಾಯ್ದು ಬಿದ್ದು ಸಾಯುತ್ತಿತ್ತು. ಬೀರಣ್ಣ ದೇವರ ಹೇಳಿಕೆ ಕೇಳಿಸಿದ, ನಿಂಬೆಹಣ್ಣು ಕಟ್ಟಿಸಿದ, ಹಟ್ಟಿಯ ಬಾಗಿಲನ್ನೇ ಬೇರೆ ದಿಕ್ಕಿಗೆ ತಿರುಗಿಸಿದ. ಮರಿಗಳು ಸುತ್ತುವುದನ್ನು ಬಿಡಲಿಲ್ಲ.

ಕೊನೆಗೆ ಗುಟ್ಟು ಬಿಚ್ಚಿದವನು ತಿಕೋಟದ ಕಟುಕ ಲಾಡಲೇಸಾಬ. ಹದಿನೈದು ದಿನಕ್ಕೊಮ್ಮೆ ಕುರಿ ಕೊಳ್ಳಲು ಬರುತ್ತಿದ್ದವನು ಒಂದು ದಿನ ಗೋಣಿಚೀಲದಲ್ಲಿ, ಇಲ್ಲಿಂದ ಕೊಂಡೊಯ್ದಿದ್ದ ಮರಿಯ ತಲೆಯೊಂದನ್ನು ಹಿಡಿದುಕೊಂಡೇ ಬಂದ.

“ಬೀರಣ್ಣಾ, ನಿನ್ನ ಮರಿ ತಲ್ಯಾಗ ನೀರ ತುಂಬೈತಿ. ದೇವರು ದಿಂಡರು ಆಮ್ಯಾಲ. ಮೊದಲ ಬಬಲೇಶ್ವರಕ್ಕ ನಡಿ, ದನದ ದವಾಖಾನಿಗೆ.”

ಬೀರಣ್ಣ, ಲಾಡಲೇಸಾಬರ ಜೊತೆ ಸಾವಂತ್ರವ್ವನೂ ಹೋದಳು. ಹಿಂದೆಯೇ ನಾಯಿ. ದವಾಖಾನೆಯ ಕಂಪೌಂಡರ್ ಮೌಲಾಸಾಬ ಹುಣಸೆಗಿಡದ ಕೆಳಗೆ ಹಲಗೆ ಹಾಕಿ, ಗರಗಸದಿಂದ ಬುರುಡೆ ಕೊಯ್ದು, ಮೆದುಳಿನ ಮಗ್ಗುಲಿನಿಂದ ನಿಂಬೆಕಾಯಿ ಗಾತ್ರದ ನೀರುಗುಳ್ಳೆಯನ್ನು ಅಂಗೈಗೆ ತೆಗೆದುಕೊಂಡ. ತೆಳ್ಳನೆಯ ಪೊರೆಯೊಳಗೆ ತಿಳಿನೀರು. ಪೊರೆಗೆ ಒಳಗಿನಿಂದ ಗಸಗಸೆ ಅಂಟಿಸಿದ ಹಾಗೆ ಬಿಳಿಯ ಕಾಳುಗಳು.

“ಇಷ್ಟ ಕಾಳ ಅದಾವಲ್ಲ, ಒಂದೊಂದೂ ಒಂದೊಂದು ಹುಳದ ತಲಿ,” ಎಂದ ಮೌಲಾಸಾಬ. “ಈ ಗುಳ್ಳಿ ನಾಯಿ ತಿಂತು ಅಂದ್ರ ಅದರ ಹೊಟ್ಯಾಗ ಲಾಡಿಹುಳ ಆಗ್ತಾವ. ಹುಳದ ತತ್ತಿ ಹೇಲಿನಾಗ ಹುಲ್ಲಿಗೆ ಬೀಳ್ತಾವ. ಆ ಹುಲ್ಲ ಮರಿ ಮೇಯ್ದ್ರ ಮತ್ತ ತಲ್ಯಾಗ ಗುಳ್ಳಿ. ಗಾಣದ ಎತ್ತಿನಂಗ ಸುತ್ತಾಕತ್ತೈತಿ ನಿನ್ನ ಹಟ್ಟ್ಯಾಗ. ಸತ್ತ ಮರಿ ತಲಿ ಏನ ಮಾಡ್ತೀರಿ?”

ಬೀರಣ್ಣ ನಾಯಿಯತ್ತ ನೋಡಿದ. ಅವರ ಹಟ್ಟಿಯಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದದ್ದು ಒಂದೇ. ಕುರಿ ಹೇಗೇ ಸಾಯಲಿ, ತಲೆ ನಾಯಿಯ ಪಾಲು. ‘ಕೂಡಿದವರಿಗೆ ಮೈ, ಕಾದವನಿಗೆ ತಲಿ’ ಎನ್ನುತ್ತಿದ್ದಳು ಬೋರವ್ವ. ಮನೆಯಲ್ಲಿ ಎಷ್ಟೇ ಹಸಿವಿರಲಿ, ಆ ತಲೆಗೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಹಸಿಯದನ್ನೇ ನಾಯಿಯ ಮುಂದೆ ಇಟ್ಟು, ಅದು ಬಾಯಿ ಹಾಕಿದ ಮೇಲೆ ಉಳಿದವರು ಒಲೆ ಹಚ್ಚುತ್ತಿದ್ದರು.

ಬೀರಣ್ಣ ಕೈಕೋಲು ಎತ್ತಿಕೊಂಡು ಎದ್ದ. ನಾಯಿ ನೆರಳಲ್ಲಿ ಮಲಗಿತ್ತು.

“ಎಲ್ಲಾ ಈ ಹಲ್ಕಟ್ ನಾಯೀದಾ! ಇಲ್ಲೇ ಹೊಡದ ಹಾಕ್ತೇನಿ.”

“ಹೊಡಿ,” ಎಂದ ಮೌಲಾಸಾಬ, ಕೈ ತೊಳೆಯುತ್ತ. “ನಾಳಿ ಇನ್ನೊಂದ ನಾಯಿ ತರ್ತಿ. ಅದಕ್ಕೂ ತಲಿ ಹಾಕ್ತಿ. ಹೊಡಿಯೂದ ಆದ್ರ ನಾಯಿನ್ನಲ್ಲ, ನಿಮ್ಮ ಮನಿ ರೂಢೀನ ಹೊಡಿ. ಇಲ್ಲಾಂದ್ರ ಗುಳಗಿ ಕೊಡ್ತೇನಿ. ಆರು ವಾರಕ್ಕೊಮ್ಮೆ ಕೊಡಬೇಕು. ಒಂದೆರಡ ಸಲಾ ಅಲ್ಲ, ನಾಯಿ ಇರೂತನಕ. ತಪ್ಪಿಸಬಾರದು.”

“ಯಾವಾಂವ ಲೆಕ್ಕಾ ಇಡಾಂವ ಅದನ್ನ?”

“ನಾ ಕೊಡ್ತೇನ್ರಿ,” ಎಂದಳು ಸಾವಂತ್ರವ್ವ.

ಮೂವರು ಗಂಡಸರೂ ಅವಳತ್ತ ತಿರುಗಿದರು. ಅವಳು ನೆಲ ನೋಡುತ್ತಿದ್ದಳು. ಬಬಲೇಶ್ವರದ ಸಂತೆ ವಾರಕ್ಕೊಂದು. ಆರು ಸಂತೆ ಎಣಿಸಲು ನಾಲ್ಕನೆಯ ಇಯತ್ತೆ ಸಾಕು.

ಬೀರಣ್ಣ ಕೋಲು ಇಳಿಸಿದ. ಆದರೆ ಕಟುಕನನ್ನೂ ಕಂಪೌಂಡರನನ್ನೂ ಸಾಕ್ಷಿ ಇಟ್ಟು ಒಂದು ಮಾತು ಹೇಳಿಯೇ ಹೊರಟ. ಈಗಾಗಲೇ ಹುಲ್ಲಿನೊಂದಿಗೆ ತತ್ತಿ ತಿಂದ ಮರಿಗಳಿರುತ್ತವೆ, ಅವು ಐದಾರು ತಿಂಗಳ ತನಕ ಒಂದೊಂದಾಗಿ ಸುತ್ತಬಹುದು ಎಂದು ಮೌಲಾಸಾಬ ಹೇಳಿದ್ದ. ಅದಕ್ಕೆ ಬೀರಣ್ಣ, “ಕಾರಹುಣ್ಣಿವಿ ತನಕ ಸುತ್ತಿದ್ದು ಲೆಕ್ಕಕ್ಕಿಲ್ಲ. ಅದರ ಮ್ಯಾಲ ಒಂದ ಮರಿ ಸುತ್ತಿದ್ರೂ ನಾಯಿ ಇರಂಗಿಲ್ಲ. ನನ್ನ ಮಾತಂದ್ರ ಮಾತು,” ಎಂದ. ಬೀರಣ್ಣ ಮಾತಿಗೆ ತಪ್ಪುವವನಲ್ಲ ಎಂಬುದು ಜೈನಾಪುರದಿಂದ ಕನಮಡಿಯ ತನಕ ಕುರಿಯವರಿಗೆಲ್ಲ ಗೊತ್ತಿತ್ತು. ಸಾವಂತ್ರವ್ವನಿಗೂ ಗೊತ್ತಿತ್ತು.

ಮೊದಲ ಗುಳಿಗೆಗೆ ಹುಳುಗಳು ಗಂಟುಗಂಟಾಗಿ ಬಿದ್ದವು. ಎರಡನೆಯದಕ್ಕೆ ಎರಡು. ಮೂರನೆಯದಕ್ಕೆ ಒಂದೂ ಇಲ್ಲ, ನಾಲ್ಕನೆಯದಕ್ಕೂ ಇಲ್ಲ. ಈ ನಡುವೆ ಮೂರು ಮರಿಗಳು ಸುತ್ತಿ ಸತ್ತವು. ಅವುಗಳ ತಲೆಯನ್ನು ಬೀರಣ್ಣ ಮೊಣಕಾಲುದ್ದ ಕುಣಿ ತೋಡಿ ಹುಗಿದ. ಬೋರವ್ವ ಹೊಸ್ತಿಲಲ್ಲಿ ಕೂತು ನೋಡಿದಳು.

“ಹೂಂ, ಹುಗೀರಿ. ಹಗಲೂ ರಾತ್ರಿ ಕಾಯಾಂವ ಅದು, ಪಾಲು ಮಣ್ಣಿಗೆ. ಮುಂದ ತೋಳ ಬಂದಾಗ ಮಣ್ಣಿಗೇ ಕರೀರಿ, ಬರತೈತಿ ಓಡಿ.”

“ಆಯಿ, ಸುಮ್ಮಕಿರು.”

“ನಾ ಸುಮ್ಮಕ ಇದ್ದೇನಿ. ನಾಯೀನೂ ಸುಮ್ಮಕ ಐತಿ. ಸುಮ್ಮಕಿದ್ದವರಿಗೆ ಅನ್ಯಾಯ.”

ನಾಲ್ಕನೆಯ ಗುಳಿಗೆ ಕೊಟ್ಟ ಮರುದಿನವೇ ಬೀರಣ್ಣ ಹಿಂಡನ್ನು ಸಾರವಾಡಕ್ಕೆ ಹೊಡೆದುಕೊಂಡು ಹೋದ. ಜೋಳ ಕೊಯ್ದು ಹೊಲಗಳು ಖಾಲಿಯಾಗಿದ್ದವು. ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಲು ಅಲ್ಲಿಯ ಒಕ್ಕಲಿಗರು ಪ್ರತಿವರ್ಷ ಕರೆಯುತ್ತಿದ್ದರು. ಇನ್ನೂ ಮೂವರು ಕುರಿಗಾರರು ಜೊತೆಯಾಗಿದ್ದರು. ಬೋರವ್ವ, ಸಾವಂತ್ರವ್ವ ಊರಲ್ಲೇ ಉಳಿದರು. ಹೊರಡುವಾಗ ಸಾವಂತ್ರವ್ವ ತಂದೆಗೆ ಬುತ್ತಿಯ ಗಂಟು ಕೊಟ್ಟು, “ಆರನೇ ಸಂತಿಗೆ ಗುಳಗಿ ಐತಿ ಯಪ್ಪಾ,” ಎಂದಿದ್ದಳು. “ಅಷ್ಟರಾಗ ಬರ್ತೇನಿ,” ಎಂದಿದ್ದ ಬೀರಣ್ಣ.

ಆರನೆಯ ಸಂತೆ ಬಂತು, ಹಿಂಡು ಬರಲಿಲ್ಲ. ಇನ್ನೆರಡು ಹೊಲ ಉಳಿದಿವೆಯೆಂದು ಸಂತೆಗೆ ಬಂದವರ ಬಾಯಲ್ಲಿ ಸುದ್ದಿ ಬಂತು. ಸಾವಂತ್ರವ್ವ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸಿನ ದಾರಿಯ ತನಕ ಹೋದಳು. ಸಾರವಾಡ ಏನು ದೂರವಲ್ಲ. ಬೆಳಿಗ್ಗೆ ಹೊರಟರೆ ಉಣ್ಣುವ ಹೊತ್ತಿಗೆ ಮುಟ್ಟಬಹುದು. ಆದರೆ ಅಲ್ಲಿ ಬಯಲಲ್ಲಿ ನಾಲ್ಕು ಗಂಡಸರು, ಅವರ ಮಾತು, ಅವರ ನಗೆ. ‘ನಾಯಿ ಸಲುವಾಗಿ ಬಂದೇನ ಬೇ ಹುಡುಗಿ?’ ಎಂದು ಯಾರಾದರೂ ಅಂದರೆ ನಿಂತ ನೆಲ ಬಿರಿಯಬೇಕು. ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಮನೆಗೆ ತಿರುಗಿ ಬಂದು ಗುಳಿಗೆಯನ್ನು ಮತ್ತೆ ಗೂಡಿನಲ್ಲಿಟ್ಟಳು. ಒಂದು ವಾರ ತಾನೆ ಎಂದುಕೊಂಡಳು.

ಏಳನೆಯ ಸಂತೆಗೆ ಹಿಂಡು ಬಂತು. ನಾಯಿಯ ಎಡಗಿವಿ ಹರಿದು ಎರಡಾಗಿತ್ತು, ಗಾಯ ಮಾಗಿತ್ತು. “ತೋಳ ಬಂದಿತ್ತು,” ಎಂದ ಬೀರಣ್ಣ, ಅಷ್ಟೆ. ಮರುದಿನ ಬೆಳಿಗ್ಗೆ ಗುಳಿಗೆ. ಅರ್ಧ ತಾಸಿನ ಮೇಲೆ ಸಾವಂತ್ರವ್ವ ಕಡ್ಡಿಯಿಂದ ಕೆದಕಿದಾಗ ಬಿಳಿಯದೊಂದು ಎಳೆ ಸಿಕ್ಕಿತು. ಎಳೆದಳು. ಬಂತು, ಇನ್ನೂ ಬಂತು. ಮೊಳಕ್ಕಿಂತ ಉದ್ದ. ಪಕ್ಕದಲ್ಲಿ ಇನ್ನೊಂದು.

ಅವಳು ಒಂದನ್ನು ಉಪ್ಪುನೀರಿನ ಶೀಶೆಯಲ್ಲಿ ಹಾಕಿಟ್ಟಳು. ಎರಡು ಸಲ ಏನೂ ಬೀಳದ ಹೊಟ್ಟೆಯಲ್ಲಿ ಹುಳ ತಾನಾಗಿ ಹುಟ್ಟುವುದಿಲ್ಲ. ಯಾರೋ ತಲೆ ಹಾಕಿದ್ದಾರೆ.

ಮೊದಲ ಅನುಮಾನ ಆಯಿಯ ಮೇಲೆ. ಎರಡು ದಿನ ಬೋರವ್ವನ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿದಳು. ಮುದುಕಿ ನಾಯಿಗೆ ತನ್ನ ರೊಟ್ಟಿಯ ಅಂಚು ಮುರಿದು ಹಾಕುತ್ತಿದ್ದಳು, ಬೈಯುತ್ತಿದ್ದಳು, ಇನ್ನೊಂದು ಅಂಚು ಹಾಕುತ್ತಿದ್ದಳು. ಅದರಾಚೆ ಏನೂ ಇರಲಿಲ್ಲ. ಆದರೂ ಕೇಳುವ ಧೈರ್ಯ ಬರಲಿಲ್ಲ.

ಕೇಳಬೇಕಾದ ಇನ್ನೊಂದು ಮಾತಿತ್ತು. ಹುಳ ತತ್ತಿ ಉದುರಿಸಿತ್ತೋ, ಅದಕ್ಕೆ ಮೊದಲೇ ಬಿತ್ತೋ? ಉದುರಿಸಿದ್ದರೆ ಐದಾರು ತಿಂಗಳಿಗೆ ಯಾವುದಾದರೊಂದು ಮರಿ ಸುತ್ತುತ್ತದೆ. ಕಾರಹುಣ್ಣಿಮೆ ದಾಟಿರುತ್ತದೆ. ಬಬಲೇಶ್ವರದಲ್ಲಿ ಮೌಲಾಸಾಬ ಉಪ್ಪುನೀರಿನ ಶೀಶೆಯಲ್ಲಿದ್ದ ಹುಳವನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ.

“ನನ್ನ ಕಣ್ಣಿಗೆ ತಿಳಿಯಂಗಿಲ್ಲವ್ವಾ ಇದು. ವಿಜಾಪುರದ ದೊಡ್ಡ ದವಾಖಾನ್ಯಾಗ ಸಣ್ಣದು ದೊಡ್ಡದಾಗಿ ಕಾಣೂ ದುರ್ಬೀನ ಐತಿ. ಅಲ್ಲಿ ಒಯ್ದು ತೋರ್ಸು. ಚೀಟಿ ಬರದ ಕೊಡ್ತೇನಿ.”

ವಿಜಾಪುರಕ್ಕೆ ಅವಳು ಒಬ್ಬಳೇ ಹೋದವಳಲ್ಲ. ಪೀರಾಂಬಿ ತನ್ನ ಮಗಳು ನೂರಜಹಾನಳ ಬಾಣಂತನಕ್ಕೆ ಹೊರಟಿದ್ದಳು. ಅವಳ ಸೆರಗು ಹಿಡಿದು ಬಸ್ಸು ಹತ್ತಿದಳು. ಶೀಶೆ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಅದನ್ನೇ ನೋಡುತ್ತಿದ್ದಳು.

“ಶಾವಗಿ ಏನ ಬೇ? ನೀರಾಗ ಯಾಕ ಹಾಕೀರಿ?”

ಸಾವಂತ್ರವ್ವ ಬಾಯಿ ಬಿಡಲಿಲ್ಲ. ಪೀರಾಂಬಿ ಬಿಟ್ಟಳು.

“ಶಾವಗೀನ ಯಕ್ಕಾ. ನಾಯಿ ಮಾಡಿದ ಶಾವಗಿ. ಡಾಕ್ಟರ ಸಾಹೇಬರಿಗೆ ರುಚಿ ನೋಡಾಕ ಒಯ್ಯಾಕತ್ತೀವಿ.”

ಹೆಂಗಸಿಗೆ ಗೊತ್ತಾಗಿ ಮೂಗಿಗೆ ಸೆರಗು ಒತ್ತಿಕೊಂಡು ಎದ್ದುಹೋದಳು. ಆ ಜಾಗದಲ್ಲಿ ಪೀರಾಂಬಿ ಕಾಲು ಚಾಚಿ ಕೂತಳು. “ನಿನ್ನ ಹುಳದಿಂದ ಒಂದ ಉಪಕಾರ ಆತ ನೋಡು,” ಎಂದಳು. ಗೋಳಗುಮ್ಮಟ ಕಾಣುವ ತನಕ ಅವಳ ಬಾಯಿ ನಿಲ್ಲಲಿಲ್ಲ.

ದವಾಖಾನೆಯ ಡಾಕ್ಟರು ವಯಸ್ಸಾದವರು. ಚೀಟಿ ಓದಿ, ಹುಡುಗಿಯನ್ನು ನೋಡಿ, ಮತ್ತೆ ಚೀಟಿ ಓದಿದರು. ಹುಳದ ಬಾಲದ ತುದಿಯ ತುಂಡನ್ನು ಗಾಜಿನ ಮೇಲೆ ಅರೆದು ದುರ್ಬೀನಿನ ಕೆಳಗಿಟ್ಟರು. ಪೀರಾಂಬಿ ಇಣುಕಿ ನೋಡಲು ಕತ್ತು ಚಾಚಿದಳು.

“ಗುಳಗಿ ಯಾವತ್ತ ಕೊಟ್ಟಿದ್ದಿ, ಹಿಂದಿನ ಸಲಾ?”

“ಏಳ ಸಂತಿ ಆತ್ರಿ.”

“ಈ ಹುಳ ಹೆಚ್ಚುಕಡಿಮಿ ಆರು ವಾರದ್ದು. ತುದಿಯಾಗಿನ ಎರಡ ಮೂರ ತುಂಡ ಹಣ್ಣಾಗ್ಯಾವು. ತತ್ತಿ ಅದಾವ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕೆಲವು ಆಗಲೇ ಹೊರಗ ಬಿದ್ದಿರಬಹುದು, ಬಿದ್ದಿರದೇನೂ ಇರಬಹುದು. ಒಂದು ವಾರ ಮೊದಲ ಕೊಟ್ಟಿದ್ರ ಏನೂ ಚಿಂತಿ ಇರ್ತಿದ್ದಿಲ್ಲ. ಅದಕ್ಕ ಆರು ವಾರ ಅಂತ ಹೇಳೂದು.”

ಸಾವಂತ್ರವ್ವ ಶೀಶೆಯ ಮುಚ್ಚಳ ತಿರುಗಿಸುತ್ತ ನಿಂತಳು. ಪೀರಾಂಬಿ, “ನಡಿ,” ಎಂದು ಮೊಣಕೈ ತಿವಿದಳು. ಹುಡುಗಿ ಕದಲಲಿಲ್ಲ.

“ತಲಿ ಕುದಿಸಿ ಹಾಕಿದ್ರ ಏನಾಗತೈತ್ರಿ?”

“ಕುದಿಸಿದ್ರ?” ಡಾಕ್ಟರು ಮೊದಲ ಸಲ ನಕ್ಕರು. “ಎರಡ ತಾಸು ಚಂದಂಗ ಕುದಿಸಿದ್ರ ಹುಳದ ಅಪ್ಪನೂ ಬದುಕಂಗಿಲ್ಲ. ಆದ್ರೂ ಗುಳಗಿ ಬಿಡಬ್ಯಾಡ. ನಾಯಿ ಬಾಯಿ, ಹೊಲದಾಗ ಎಲ್ಲಿ ಏನ ತಿಂತೈತಿ ಯಾರ ಕಂಡಾರು.”

ತಿರುಗಿ ಬರುವಾಗ ಅವಳು ಬೆರಳು ಮಡಚಿ ಎಣಿಸಿದಳು. ಇಂದಿಗೆ ಏಳು ಸಂತೆಯ ಹಿಂದೆ ಗುಳಿಗೆ. ಹುಳಕ್ಕೆ ಆರು ವಾರ. ಅಂದರೆ ನಾಯಿ ತಲೆ ತಿಂದದ್ದು ಹಿಂಡು ಊರು ಬಿಟ್ಟ ಮೊದಲ ವಾರದಲ್ಲಿ. ಆಗ ಆಯಿ ಜೈನಾಪುರದ ಹೊಸ್ತಿಲಲ್ಲಿ ಅಡಿಕೆ ಕುಟ್ಟುತ್ತಿದ್ದಳು. ನಾಯಿ ಸಾರವಾಡದಲ್ಲಿತ್ತು. ಸಾರವಾಡದಲ್ಲಿ ಅದಕ್ಕೆ ಅನ್ನ ಹಾಕುವವನು ಒಬ್ಬನೇ.

ಸಂಜೆ ಬೀರಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವಳು ನೀರಿನ ತಂಬಿಗೆ ಇಟ್ಟು ಅಲ್ಲೇ ನಿಂತಳು.

“ಹುಳ ಆರು ವಾರದ್ದಂತ ಯಪ್ಪಾ.”

“ಹೂಂ.”

“ಆರು ವಾರದ ಹಿಂದ ನಾಯಿ ಸಾರವಾಡದಾಗಿತ್ತು.”

ಹಗ್ಗ ಹೊಸೆಯುವ ಅಂಗೈ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಬೀರಣ್ಣ ತಲೆ ಎತ್ತಲಿಲ್ಲ. “ಕುರಿಗೆ ನೀರ ಕುಡಿಸಿದೇನು?” ಎಂದ.

“ಕುಡಿಸೇನಿ.”

ಮಾತು ಅಲ್ಲಿಗೆ ಮುಗಿಯಿತು. ಕಾರಹುಣ್ಣಿಮೆ ಬಂತು, ಹೋಯಿತು. ಬೀರಣ್ಣ ತನ್ನ ಷರತ್ತನ್ನು ನೆನಪಿಸಲೂ ಇಲ್ಲ, ಹಿಂದೆ ತೆಗೆದುಕೊಳ್ಳಲೂ ಇಲ್ಲ. ಸಾವಂತ್ರವ್ವ ಆರು ಸಂತೆಗೊಮ್ಮೆ ಗುಳಿಗೆ ಕೊಟ್ಟಳು. ಒಂದು ದಿನವೂ ಹಿಂದೆಮುಂದೆ ಆಗಲಿಲ್ಲ. ಆಷಾಢದಲ್ಲಿ ಹಿಂಡು ತೊರವಿಯ ಕಡೆ ಇದ್ದಾಗ ಗಂಡಸರ ನಡುವೆ ನಡೆದುಹೋಗಿ, ಯಾರ ಮುಖವನ್ನೂ ನೋಡದೆ ನಾಯಿಯ ದವಡೆ ಅಗಲಿಸಿ ಕೊಟ್ಟು ಬಂದಳು. ಯಾರೋ ಏನೋ ಅಂದರು, ಯಾರೋ ನಕ್ಕರು. ನೆಲ ಬಿರಿಯಲಿಲ್ಲ.

ದಿನಾ ಬೆಳಿಗ್ಗೆ ದೊಡ್ಡಿ ಬಿಡುವಾಗ ಬಾಗಿಲಲ್ಲಿ ನಿಂತು ಒಂದೊಂದು ಮರಿಯನ್ನೂ ನೋಡುತ್ತಿದ್ದಳು. ಶ್ರಾವಣ ಕಳೆಯಿತು. ಭಾದ್ರಪದ ಕಳೆಯಿತು. ಮಹಾನವಮಿಗೆ ಬನ್ನಿ ಕೊಟ್ಟು ತೆಗೆದುಕೊಂಡ ಮೂರನೆಯ ದಿನ, ಬಿಳಿ ಹಣೆಯ ಹೆಣ್ಣುಮರಿಯೊಂದು ಬಾಗಿಲು ದಾಟಿ ನಾಲ್ಕು ಹೆಜ್ಜೆ ನೆಟ್ಟಗೆ ಹೋಗಿ, ಎಡಕ್ಕೆ ತಲೆ ವಾಲಿಸಿ ಸುತ್ತಿತು. ಒಂದು ಸುತ್ತು. ನಿಂತಿತು. ಇನ್ನೊಂದು ಸುತ್ತು.

ಸಾವಂತ್ರವ್ವ ಅದನ್ನು ಹಿಡಿದು ನೆತ್ತಿಯ ಮೇಲೆ ಹೆಬ್ಬೆರಳು ಒತ್ತಿದಳು. ಬಲಿತ ಮರಿಯ ಬುರುಡೆ ಅಲ್ಲಿ ಕಲ್ಲಿನ ಹಾಗಿರಬೇಕು. ಅದು ಎಳೆ ತೆಂಗಿನ ಹಾಗೆ ಒಳಕ್ಕೆ ಒತ್ತಿತು. ಮುಚ್ಚಿಡಬಹುದಿತ್ತು, ಒಂದೆರಡು ದಿನ. ಅವಳು ಮರಿಯನ್ನು ಎತ್ತಿಕೊಂಡು ಹೋಗಿ ತಂದೆಯ ಮುಂದೆ ಇಳಿಸಿದಳು. ಮರಿ ಅವನ ಕಾಲಿನ ಸುತ್ತ ಸುತ್ತಿತು.

ಬೀರಣ್ಣ ನೋಡಿದ. ಬಗ್ಗಿ ಅದನ್ನು ಹಿಡಿದು ನಿಲ್ಲಿಸಿದ.

ಎರಡು ದಿನ ಬಿಟ್ಟು ಲಾಡಲೇಸಾಬ ತಿಕೋಟದಿಂದ ಬಂದ. ಮೌಲಾಸಾಬನೂ ಅವನ ಸೈಕಲ್ಲಿನ ಹಿಂದೆ ಕೂತು ಬಂದಿದ್ದ, ಎಮ್ಮೆಯೊಂದನ್ನು ನೋಡಲೆಂದು. ಮರಿಯನ್ನು ಅಂದೇ ಕೊಯ್ಯುವುದೆಂದಾಯಿತು. ಲಾಡಲೇಸಾಬ ಬೇವಿನ ಗಿಡದ ಕೆಳಗೆ ಚರ್ಮ ಬಿಡಿಸಿ, ತಲೆಯನ್ನು ಬೇರೆ ಮಾಡಿ ಮುತ್ತಲದೆಲೆಯ ಮೇಲಿಟ್ಟ. ನಾಯಿ ಮಾರು ದೂರದಲ್ಲಿ ಮುಂಗಾಲು ಚಾಚಿ ಕೂತಿತ್ತು. ತಲೆಯತ್ತ ನೋಡುತ್ತಿತ್ತೇ ಹೊರತು ಹತ್ತಿರ ಬರಲಿಲ್ಲ. ಪಾಲು ತಾನಾಗಿ ಬರುತ್ತದೆ ಎಂಬುದು ಅದರ ಲೆಕ್ಕ.

“ಬೀರಣ್ಣಾ,” ಎಂದ ಲಾಡಲೇಸಾಬ, ಚೂರಿ ಒರೆಸುತ್ತ, “ಕಾರಹುಣ್ಣಿವಿ ಆಗಿ ನಾಕ ತಿಂಗಳಾತು. ಮಾತ ಕೊಟ್ಟಿದ್ದಿ ನಮ್ಮ ಮುಂದ. ನಾಯಿನ್ನ ಏನ ಮಾಡಾಂವ? ಹೊಡಿಯೂದ ಬ್ಯಾಡ, ಜತ್ತದ ಲಾರ್‍ಯಾಗ ಹಾಕಿ ಕಳಸ್ತೇನಿ ಬೇಕಂದ್ರ. ಎಲ್ಲೋ ಇರ್ತೈತಿ.”

ಸಾವಂತ್ರವ್ವ ಗಿಡಕ್ಕೆ ಆತು ನಿಂತಿದ್ದಳು. ಕೈಯಲ್ಲಿ ಸೆರಗಿನ ತುದಿ ಹುರಿಯಾಗಿತ್ತು.

ಬೀರಣ್ಣ ತಲೆಗೆ ಸುತ್ತಿದ್ದ ಪಟಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ನಾಯೀದೇನೂ ತಪ್ಪಿಲ್ಲ. ತಲಿ ಹಾಕಿದಾಂವ ನಾನು.”

ಬೀರಣ್ಣ ನಾಯಿಯ ಹರಿದ ಕಿವಿಯತ್ತ ಬೆರಳು ಮಾಡಿದ.

“ಸಾರವಾಡದಾಗ ಎರಡ ತೋಳ ಬಂದ್ವು, ಹಾಡಹಗಲಿ. ನಾವು ನಾಕ ಮಂದಿ ಗಿಡದ ಬುಡಕ ಬಿದ್ದಿದ್ವಿ. ಇದೊಂದ ಹೋತು. ಕಿವಿ ಹರಿಸಿಕೊಂಡ್ತು, ಮರಿ ಬಿಡಲಿಲ್ಲ. ಮರುದಿನ ಒಂದ ಗಿರಕಿ ಮರಿ ಸತ್ತಿತು. ಸಾರ ಮಾಡಿ ಉಂಡ್ವಿ. ಇದು ರಗತ ಸೋರೂ ಕಿವಿ ಇಟಗೊಂಡು ಎದುರಿಗೆ ಕುಂತಿತ್ತು, ಹಿಂಗ, ಈಗ ಕುಂತಂಗ. ತಲಿ ಹುಗ್ಯಾಕ ಕುಣಿ ತೋಡಿದ್ನಿ. ಹುಗ್ಯಾಕ ಕೈ ಬರಲಿಲ್ಲ.” ಅವನು ಪಟಕವನ್ನು ಮಡಚಿದ. “ನನ್ನ ಮಾತ ಮುರೀತು. ಮುರಕೊಂಡಾಂವ ನಾನು. ಊರಿಗೆಲ್ಲಾ ಹೇಳಾಂವ ಇದ್ರ ಹೇಳು ಲಾಡಲೇಸಾಬ. ನಾಯಿ ಎಲ್ಲಿಗೂ ಹೋಗಂಗಿಲ್ಲ.”

“ನಂದೂ ತಪ್ಪ ಐತ್ರಿ,” ಎಂದಿತು ಒಂದು ದನಿ. ಸಾವಂತ್ರವ್ವ ನೆಲ ನೋಡುತ್ತಲೇ ಹೇಳುತ್ತಿದ್ದಳು. “ಆರನೇ ಸಂತಿಗೆ ನಾ ಸಾರವಾಡಕ್ಕ ಹೋಗಬೇಕಿತ್ತು. ಹೋಗಲಿಲ್ಲ. ಒಂದ ವಾರ ತಡಾ ಆತು.”

ಹೊಸ್ತಿಲಿನಿಂದ ಬೋರವ್ವ ಎಲೆಯಡಿಕೆ ಉಗಿದಳು.

“ಹಂಗಾರ ಅಪ್ಪ ಮಗಳು ಇಬ್ಬರನ್ನೂ ಗಿಡಕ್ಕ ಕಟ್ಟಿ ಒಂದೊಂದ ಗುಳಗಿ ನುಂಗಿಸೋ ಮೌಲಾಸಾಬ. ನಾಯಿ ಕಾವಲಿರ್ಲಿ.”

ಲಾಡಲೇಸಾಬ ನಕ್ಕುಬಿಟ್ಟ. ಮೌಲಾಸಾಬ ನಗಲಿಲ್ಲ. “ಇದೊಂದಾ ಮರಿಗೆ ನಿಂತ್ರ ನಿಮ್ಮ ಪುಣ್ಯ. ಇನ್ನೊಂದೆರಡ ಸುತ್ತಬಹುದು. ಗುಳಗಿ ನಿಲ್ಲಿಸಬ್ಯಾಡ್ರಿ,” ಎಂದ.

“ನಿಲ್ಲಿಸೂದಿಲ್ರಿ,” ಎಂದಳು ಸಾವಂತ್ರವ್ವ. ಆಗಲೇ ಅವಳು ಗಿಡ ಬಿಟ್ಟು ಹಿತ್ತಲಿಗೆ ಹೋಗಿದ್ದಳು. ಬಂದಾಗ ಕೈಯಲ್ಲಿ ಅಂಚು ಒಡೆದ ಹಳೆಯ ಮಣ್ಣಿನ ಗಡಿಗೆ ಇತ್ತು. ಮೂರು ಕಲ್ಲು ಹೂಡಿ, ಗಡಿಗೆ ಇಟ್ಟು, ತಲೆಯನ್ನು ಎಲೆ ಸಮೇತ ಎತ್ತಿ ಅದರೊಳಗೆ ಇಳಿಸಿ ನೀರು ಹೊಯ್ದಳು. ಕೈಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಳು. ತೊಗರಿಕಟ್ಟಿಗೆ ಚಟಚಟ ಎಂದು ಹತ್ತಿಕೊಂಡಿತು.

“ಇದೇನ ಬೇ?” ಎಂದಳು ಬೋರವ್ವ.

“ಪಾಲು. ಎರಡ ತಾಸ ಕುದೀಬೇಕಂತ.”

ಮುದುಕಿ ಗಡಿಗೆಯನ್ನೂ ನಾಯಿಯನ್ನೂ ನೋಡಿದಳು. “ಕಾದವನಿಗೆ ತಲಿ ಅಂದಿದ್ರು ಹಿರ್‍ಯಾರು. ಹಸೀದಾ ಕೊಡ್ರಿ ಅಂತೇನೂ ಅಂದಿದ್ದಿಲ್ಲ ಬಿಡು,” ಎಂದು ಹೊಸ ಎಲೆಗೆ ಸುಣ್ಣ ಸವರಿದಳು. “ಉಪ್ಪ ಹಾಕಬ್ಯಾಡ. ನಾಯಿಗೆ ಆಗಂಗಿಲ್ಲ.”

ಲಾಡಲೇಸಾಬ, ಮೌಲಾಸಾಬ ಸೈಕಲ್ ಏರಿ ಹೋದರು. ಒಲೆಯ ಬೆಂಕಿ ಇಳಿದಾಗಲೆಲ್ಲ ಬೀರಣ್ಣ ಕಟ್ಟಿಗೆ ಮುಂದಕ್ಕೆ ತಳ್ಳುತ್ತಿದ್ದ. ನೆರಳು ಗಿಡದ ಪೂರ್ವಕ್ಕೆ ಸರಿಯಿತು. ಎರಡು ತಾಸಾದ ಮೇಲೆ ಸಾವಂತ್ರವ್ವ ಗಡಿಗೆ ಬಗ್ಗಿಸಿ ತಲೆಯನ್ನು ಹೊಸ ಮುತ್ತಲದೆಲೆಯ ಮೇಲೆ ಹಾಕಿ, ಆರಲೆಂದು ಬಿಟ್ಟು, ಆಮೇಲೆ ತಂದೆಯತ್ತ ಸರಿಸಿದಳು. ಇಡುವವನು ಅವನೇ, ಮೊದಲಿನಿಂದಲೂ.

ಬೀರಣ್ಣ ಎಲೆಯನ್ನು ನಾಯಿಯ ಮುಂದಿಟ್ಟ. ಚವರ್ಯಾ ಮೂಸಿತು, ಸೀನಿತು, ಹಿಂದಕ್ಕೆ ಸರಿದು ಸಾವಂತ್ರವ್ವನ ಮುಖ ನೋಡಿತು. ಅವಳ ಕೈಯಿಂದ ಬಂದ ಯಾವುದನ್ನೂ ಅದು ಈಗ ಸುಲಭಕ್ಕೆ ನಂಬುತ್ತಿರಲಿಲ್ಲ. ಇನ್ನೊಮ್ಮೆ ಮೂಸಿತು. ಆಮೇಲೆ ಮುಂಗಾಲಿನಿಂದ ಒತ್ತಿಹಿಡಿದು ಕಡಿಯತೊಡಗಿತು.

“ಇನ್ನ ಎಷ್ಟ ಸಂತಿ ಅದಾವ?” ಎಂದು ಕೇಳಿದ ಬೀರಣ್ಣ.

“ಎರಡ.”

“ಆವತ್ತ ನಾವು ಕನಮಡಿ ಕಡೆ ಇರ್ತೀವಿ.”

“ಬರ್ತೇನಿ,” ಎಂದಳು ಸಾವಂತ್ರವ್ವ. ಗಡಿಗೆಯಲ್ಲಿ ಉಳಿದ ನೀರನ್ನು ಕುಣಿಗೆ ಸುರಿದು ಮಣ್ಣು ಎಳೆದಳು.